ಸಂಪಾದಕರ ಉತ್ತರ: ಹೊಸ ಶಾಲೆಯಲ್ಲಿ ಹಳೆಯ ಅನುಭವ

ಮಾನ್ಯರೇ,

ಹನ್ನೆರಡು ವರ್ಷ ಒಂದೇ ಶಾಲೆಯಲ್ಲಿ ಗಣಿತ ಕಲಿಸಿ, ಈ ಶೈಕ್ಷಣಿಕ ವರ್ಷದ ಆರಂಭದಲ್ಲಿ ಬೇರೊಂದು ಶಾಲೆಗೆ ಸೇರಿದ ನೀವು ಬರೆದ ಪತ್ರ ತಲುಪಿತು. ಹಳೆಯ ಶಾಲೆಯಲ್ಲಿ ನುರಿತ ಶಿಕ್ಷಕಿ ಎನಿಸಿಕೊಂಡಿದ್ದ ನಿಮಗೆ ಇಲ್ಲಿ ತರಗತಿಯನ್ನು ಹತೋಟಿಗೆ ತರುವುದೇ ದೊಡ್ಡ ಕೆಲಸವಾಗಿದೆ. ಬದಲಾವಣೆಯಿಂದ ಶಿಕ್ಷಕರು ಬೆಳೆಯುತ್ತಾರೆ ಎಂದು ಎಲ್ಲರೂ ಧೈರ್ಯ ಹೇಳುತ್ತಿದ್ದರೂ ಗಳಿಸಿದ್ದೆಲ್ಲ ಕೈಬಿಟ್ಟು ಹೋದಂತೆ ಅನಿಸುತ್ತಿದೆ ಎಂದು ಬರೆದಿದ್ದೀರಿ. ವರ್ಷದ ಕೊನೆಗೆ ಹಳೆಯ ಶಾಲೆಗೆ ಮರಳಬಹುದಾದ ಅವಕಾಶವಿದೆ, ಹೋಗಲೇ ಎಂಬುದು ನಿಮ್ಮ ಪ್ರಶ್ನೆ. ಇದೇ ಸಂಕಟವನ್ನು ಅನುಭವಿಸುತ್ತಿರುವ ಶಿಕ್ಷಕರು ನಮ್ಮ ಓದುಗರಲ್ಲಿ ಇನ್ನೂ ಅನೇಕರು ಇರಬಹುದಾದ್ದರಿಂದ ತುಸು ವಿಸ್ತಾರವಾಗಿಯೇ ಉತ್ತರಿಸುತ್ತಿದ್ದೇನೆ.

ಹನ್ನೆರಡು ವರ್ಷದ ಅನುಭವ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಒಂದು ಪಾಲು ಶಿಕ್ಷಕರದು, ಇನ್ನೊಂದು ಪಾಲು ಶಾಲೆಯದು. ಒಂದೇ ಕಡೆ ಇರುವಷ್ಟು ಕಾಲ ಇವೆರಡನ್ನು ಬಿಡಿಸಿ ನೋಡಲು ಬರುವುದಿಲ್ಲ. ಹಳೆಯ ಶಾಲೆಯಲ್ಲಿ ನೀವು ತರಗತಿಗೆ ಕಾಲಿಡುವ ಮೊದಲೇ ನಿಮ್ಮ ಹೆಸರು ಒಳಗೆ ಹೋಗಿರುತ್ತಿತ್ತು. ಅಕ್ಕಂದಿರಿಂದಲೋ ಅಣ್ಣಂದಿರಿಂದಲೋ ನಿಮ್ಮ ಬಗ್ಗೆ ಕೇಳಿ ತಿಳಿದಿದ್ದ ಮಕ್ಕಳು ಮೊದಲ ದಿನವೇ ಗಂಭೀರವಾಗಿ ಕೂರುತ್ತಿದ್ದರು. ಕೆಳಗಿನ ತರಗತಿಯ ಸಹೋದ್ಯೋಗಿ ಭಿನ್ನರಾಶಿಯನ್ನು ಗಟ್ಟಿಯಾಗಿ ಕಲಿಸಿ ಕಳಿಸುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಆ ಹೆಸರು, ಆ ಸಹೋದ್ಯೋಗಿ, ಪಳಗಿದ ವೇಳಾಪಟ್ಟಿ, ಪೋಷಕರ ವಿಶ್ವಾಸ ಇವೆಲ್ಲ ಶಾಲೆಯ ಪಾಲು, ಅಲ್ಲಿಯೇ ಉಳಿದವು. ಈಗ ನಿಮ್ಮ ಜೊತೆಗಿರುವುದು ನಿಮ್ಮದೇ ಆದದ್ದು. ಅದು ಎಷ್ಟಿದೆ, ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಪೊಳ್ಳಾಗಿದೆ ಎಂಬುದು ನಿಚ್ಚಳವಾಗಿ ಕಾಣಿಸುವುದು ಇಂಥ ವರ್ಷದಲ್ಲಿಯೇ. ಶಾಲೆ ಬದಲಿಸಿದವರ ಬೆಳವಣಿಗೆ ಮೊದಲಾಗುವುದು ಇಲ್ಲಿಂದ ಎಂದು ನಾನು ನಂಬುತ್ತೇನೆ. ಅದು ಮೊದಲಿಗೆ ನಷ್ಟದ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಪತ್ರದ ನಡುವೆ, ದೂರಿನ ಧಾಟಿಯಲ್ಲಿ, ನೀವು ಹೇಳಿರುವ ಒಂದು ಪ್ರಸಂಗವನ್ನು ನಾನು ಮತ್ತೆ ಮತ್ತೆ ಓದಿದೆ. 1/2 ಮತ್ತು 1/3 ಕೂಡಿಸಿ ಎಂದರೆ ತರಗತಿಯ ಅರ್ಧದಷ್ಟು ಮಕ್ಕಳು 2/5 ಎಂದು ಬರೆದರು. ಹಳೆಯ ಶಾಲೆಯ ರೂಢಿಯಂತೆ ಛೇದಗಳ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಕಂಡುಹಿಡಿಯುವ ಹಂತಗಳನ್ನು ಕಪ್ಪು ಹಲಗೆಯ ಮೇಲೆ ಎರಡು ಬಾರಿ ಬರೆದು ತೋರಿಸಿದಿರಿ; ಮರುದಿನ ಮತ್ತೆ 2/5. ಕೊನೆಗೆ ಒಬ್ಬ ಹುಡುಗಿಯನ್ನು ಹತ್ತಿರ ಕರೆದು ಹೇಗೆ ಮಾಡಿದೆ ಎಂದು ಕೇಳಿದಾಗ ಅವಳು, ನಿನ್ನೆ ಎರಡು ಪ್ರಶ್ನೆಗಳಲ್ಲಿ ಒಂದು ಸರಿ, ಇವತ್ತು ಮೂರರಲ್ಲಿ ಒಂದು ಸರಿ, ಒಟ್ಟು ಐದರಲ್ಲಿ ಎರಡು ಸರಿ ಅಲ್ಲವೇ ಟೀಚರ್, ಎಂದಳು. ಅಂಕ ಎಣಿಸುವ ಮಟ್ಟಿಗೆ ಆ ಮಗುವಿನ ಲೆಕ್ಕ ತಪ್ಪಲ್ಲ. ಅಲ್ಲಿ ಎರಡು ಬೇರೆ ಬೇರೆ ಮೊತ್ತಗಳ ಭಾಗಗಳು ಸೇರುತ್ತಿವೆ; ಭಿನ್ನರಾಶಿಗಳ ಸಂಕಲನದಲ್ಲಾದರೋ ಎರಡೂ ಒಂದೇ ಪೂರ್ಣದ ಭಾಗಗಳಾಗಿರಬೇಕು. ಇದನ್ನು ಅರಿತ ನೀವು ಒಂದೇ ಅಳತೆಯ ಕಾಗದದ ಪಟ್ಟಿಗಳನ್ನು ಕೊಟ್ಟು ಮಡಿಸಲು ಹೇಳಿದಿರಿ, 2/5 ಎನ್ನುವುದು ಅರ್ಧಕ್ಕಿಂತಲೂ ಕಡಿಮೆ, ಹಾಗಿದ್ದರೆ ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಉತ್ತರ ಕಿರಿದಾದದ್ದು ಹೇಗೆ ಎಂದು ಕೇಳಿದಿರಿ. ತರಗತಿ ಆ ದಿನ ಮೊದಲ ಬಾರಿಗೆ ನಿಮ್ಮ ಮಾತಿಗೆ ಕಿವಿಗೊಟ್ಟಿತು ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ.

ನಾನು ಮುಂದೆ ಹೋಗಲಾರೆ. ಯಾವ ಪಾಠದಲ್ಲಿ ಮಕ್ಕಳು ಎಡವುತ್ತಾರೆ, ಯಾವ ಪೂರ್ವಗ್ರಹಿಕೆಯಿಂದ ಎಡವುತ್ತಾರೆ, ಅದನ್ನು ಯಾವ ಉದಾಹರಣೆಯಿಂದ ಬಿಡಿಸಬಹುದು ಎಂಬ ತಿಳಿವಳಿಕೆ, ವಿಷಯಜ್ಞಾನ ಮತ್ತು ಸಾಮಾನ್ಯ ಬೋಧನಾ ವಿಧಾನ ಇವೆರಡಕ್ಕಿಂತ ಭಿನ್ನವಾದ, ಶಿಕ್ಷಕರಿಗೆ ವಿಶಿಷ್ಟವಾದ ಜ್ಞಾನವೆಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್‌ಮನ್ 1986ರಲ್ಲಿ ವಿವರಿಸಿದರು. ಹಳೆಯ ಶಾಲೆಯಲ್ಲಿ ಈ ತಪ್ಪು ನಿಮ್ಮ ಬಳಿ ಬರುವ ಮೊದಲೇ ಬೇರೆಯವರ ಕೈಯಲ್ಲಿ ತಿದ್ದಿಹೋಗುತ್ತಿದ್ದುದರಿಂದ ಅದರ ಬೇರು ಎಲ್ಲಿದೆ ಎಂದು ಹುಡುಕುವ ಪ್ರಮೇಯವೇ ನಿಮಗೆ ಬಂದಿರಲಿಲ್ಲ. ಅದೇ ವರ್ಷ ಜಪಾನಿನ ಮನೋವಿಜ್ಞಾನಿಗಳಾದ ಗಿಯೂ ಹತಾನೋ ಮತ್ತು ಕಯೋಕೊ ಇನಗಾಕಿ, ಪರಿಚಿತ ಕೆಲಸವನ್ನು ಚುರುಕಾಗಿ, ತಪ್ಪಿಲ್ಲದೆ ಮಾಡುವ ಪರಿಣತಿಯನ್ನೂ ಆ ಕೆಲಸ ಏಕೆ ಹಾಗೆ ನಡೆಯುತ್ತದೆ ಎಂದರಿತು ಹೊಸ ಸನ್ನಿವೇಶಕ್ಕೆ ಮಾರ್ಪಡಿಸಿಕೊಳ್ಳಬಲ್ಲ ಪರಿಣತಿಯನ್ನೂ ಬೇರ್ಪಡಿಸಿ ತೋರಿಸಿದರು. ಮೊದಲನೆಯದು ನಿಮ್ಮಲ್ಲಿ ಬೇಕಾದಷ್ಟಿತ್ತು. ಎರಡನೆಯದು ಆ ಹುಡುಗಿಯ ಉತ್ತರವನ್ನು ತಾಳ್ಮೆಯಿಂದ ಕೇಳಿಸಿಕೊಂಡ ಗಳಿಗೆಯಲ್ಲಿ ಮೊಳೆಯಿತು.

ಹಾಗೆಂದು ಶಾಲೆ ಬದಲಿಸುವುದೇ ಬೆಳವಣಿಗೆ ಎಂದು ಹೇಳುವವರ ಜೊತೆ ನಾನು ಸೇರಲಾರೆ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಶಿಕ್ಷಕರ ಕುರಿತು ಅರ್ಥಶಾಸ್ತ್ರಜ್ಞ ಕಿರಾಬೊ ಜಾಕ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆ ಬದಲಿಸಿದ ಶಿಕ್ಷಕರು ಹಿಂದಿಗಿಂತ ಹೆಚ್ಚು ಪರಿಣಾಮಕಾರಿಯಾಗುವ ಒಲವು ಕಂಡುಬಂದಿದೆ ನಿಜ. ಆದರೆ ಅವರು ಒತ್ತಿ ಹೇಳಿದ್ದು ಶಿಕ್ಷಕರಿಗೂ ಶಾಲೆಗೂ ಇರುವ ಹೊಂದಾಣಿಕೆಯ ಮಾತನ್ನು. ಅಮೆರಿಕದ ಶಿಕ್ಷಣ ಸಂಶೋಧಕರಾದ ಮ್ಯಾಥ್ಯೂ ಕ್ರಾಫ್ಟ್ ಮತ್ತು ಜಾನ್ ಪಾಪೇ 2014ರಲ್ಲಿ ತೋರಿಸಿದ್ದು ಇನ್ನೂ ಮುಖ್ಯವಾದುದು: ಸಹೋದ್ಯೋಗಿಗಳ ಸಹಕಾರ, ಮುಖ್ಯಸ್ಥರ ಬೆಂಬಲ, ಶಿಸ್ತಿನ ವಾತಾವರಣ ಇವುಗಳಲ್ಲಿ ಮೇಲಿನ ಸ್ತರದ ಶಾಲೆಗಳಲ್ಲಿದ್ದ ಶಿಕ್ಷಕರು ಹತ್ತು ವರ್ಷಗಳಲ್ಲಿ ಸಾಧಿಸಿದ ಸುಧಾರಣೆ, ಕೆಳಗಿನ ಸ್ತರದ ಶಾಲೆಗಳಲ್ಲಿದ್ದವರದಕ್ಕಿಂತ ಶೇ. 38ರಷ್ಟು ಹೆಚ್ಚಾಗಿತ್ತು. ಶಿಕ್ಷಕರ ಬೆಳವಣಿಗೆಯನ್ನು ಅವರೊಬ್ಬರ ಹಟ, ಶ್ರದ್ಧೆಗಳಿಗೆ ಮಾತ್ರ ಕಟ್ಟಿಹಾಕುವುದು ಅನ್ಯಾಯ ಎಂದು ನಾನು ಹೇಳುವುದು ಇದರಿಂದಲೇ.

ಸ್ಟಾಫ್ ರೂಮಿನಲ್ಲಿ ಇನ್ನೂ ಯಾರೊಂದಿಗೂ ಪಾಠದ ಮಾತು ಆಡಿಲ್ಲ, ಇಷ್ಟು ವರ್ಷದ ಸೇವೆಯ ಮೇಲೆ ತನಗಿಂತ ಕಿರಿಯರನ್ನು ಹೇಗೆ ಕೇಳುವುದು ಎಂದು ಬರೆದಿದ್ದೀರಿ. ಈ ಸಂಕೋಚ ನನಗೆ ಅರ್ಥವಾಗುತ್ತದೆ. ಹಿರಿಯರು ಎಂಬ ಸ್ಥಾನವನ್ನು ಬಿಟ್ಟು ಬರುವುದು ವೃತ್ತಿಯ ವಿಷಯವಷ್ಟೇ ಅಲ್ಲ, ಮನಸ್ಸಿಗೂ ನೋವು ಕೊಡುವಂಥದ್ದು. ಆದರೂ ಕೆಳಗಿನ ತರಗತಿಯ ಗಣಿತ ಶಿಕ್ಷಕರಿಗೆ ಆ ಕಾಗದದ ಪಟ್ಟಿಗಳನ್ನು ತೋರಿಸಿ, ನಿಮ್ಮ ತರಗತಿಯಲ್ಲಿ ಮಕ್ಕಳು ಇದನ್ನು ಹೇಗೆ ಮಾಡುತ್ತಾರೆ ಎಂದು ಕೇಳಿ. ಸಲಹೆ ಬೇಡುವುದಕ್ಕಿಂತ, ಇಬ್ಬರಿಗೂ ಗೊತ್ತಿರುವ ಮಕ್ಕಳ ನೋಟ್‌ಬುಕ್ಕಿನಿಂದ ಮಾತು ಆರಂಭಿಸುವುದು ಸುಲಭ. ಒಪ್ಪಿದರೆ ಒಂದು ಪೀರಿಯಡ್ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ.

ಇನ್ನು ಮರಳುವ ಮಾತು. ಒಂದೇ ತರಗತಿಗೆ ಮತ್ತೆ ಮತ್ತೆ ಕಲಿಸುವ ಶಿಕ್ಷಕರು ಬೇಗ ಸುಧಾರಿಸುತ್ತಾರೆ ಎಂಬುದು ಅರ್ಥಶಾಸ್ತ್ರಜ್ಞ ಬೆನ್ ಓಸ್ಟ್ ಅವರ 2014ರ ಅಧ್ಯಯನದಿಂದ ತಿಳಿದುಬರುತ್ತದೆ. ಆದ್ದರಿಂದ ಈ ವರ್ಷದ ಕೊನೆಗೆ ಹೊರಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ; ಹೊರಟರೆ, ಕಷ್ಟಪಟ್ಟು ಕಲಿತದ್ದನ್ನು ಅದೇ ಹಂತದ ಮಕ್ಕಳ ಮೇಲೆ ಎರಡನೆಯ ಬಾರಿ ಪ್ರಯೋಗಿಸುವ ಅವಕಾಶ ಕೈತಪ್ಪುತ್ತದೆ. ಮುಂದಿನ ವರ್ಷವೂ ಇದೇ ತರಗತಿಯನ್ನು ಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಈಗಲೇ, ವೇಳಾಪಟ್ಟಿ ಸಿದ್ಧವಾಗುವ ಮೊದಲೇ, ಬರವಣಿಗೆಯಲ್ಲಿ ಕೇಳಿ. ಎರಡನೆಯ ವರ್ಷ ಮುಗಿಯುವ ಹೊತ್ತಿಗೂ ಪಾಠದ ಬಗ್ಗೆ ಮನಬಿಚ್ಚಿ ಮಾತನಾಡಲು ಅಲ್ಲಿ ಒಬ್ಬರೂ ಸಿಗದಿದ್ದರೆ, ತೊಂದರೆ ಹೇಳಿಕೊಂಡಾಗಲೆಲ್ಲ ಅದನ್ನು ನಿಮ್ಮ ಅಸಮರ್ಥತೆ ಎಂದೇ ಎಣಿಸಲಾಗುತ್ತಿದ್ದರೆ, ಆಗ ಹಳೆಯ ಶಾಲೆಗಾಗಲಿ ಮೂರನೆಯದಕ್ಕಾಗಲಿ ನಿಸ್ಸಂಕೋಚವಾಗಿ ಹೋಗಿ. ಅದು ಸೋತು ಹೊರಟಂತೆ ಆಗುವುದಿಲ್ಲ. ಭಿನ್ನರಾಶಿಯ ಆ ಪಾಠವನ್ನು ಮುಂದಿನ ವರ್ಷ ಹೇಗೆ ಆರಂಭಿಸಿದಿರಿ ಎಂಬುದನ್ನು ಮಾತ್ರ ನಮಗೆ ಬರೆದು ತಿಳಿಸಿ, ನಮ್ಮ ಶಿಕ್ಷಕ ಓದುಗರಿಗಾಗಿ ಅದನ್ನು ಸಂತೋಷದಿಂದ ಪ್ರಕಟಿಸುತ್ತೇವೆ.

ಸಂಪಾದಕರು