ಕಣ್ಣಲ್ಲಿ ಮಿಂಚು, ಕಪ್ಪು ಚುಕ್ಕೆ: ಕಾಯಬಹುದೇ?

ಪ್ರಶ್ನೆ: ನನಗೆ 54 ವರ್ಷ, ಮೈನಸ್ 7 ಕನ್ನಡಕ. ಮೂರು ದಿನದಿಂದ ಬಲಗಣ್ಣಿನ ಅಂಚಲ್ಲಿ ಮಿಂಚು ಹೊಳೆದಂತಾಗುತ್ತದೆ, ಕಪ್ಪು ಚುಕ್ಕೆಗಳು ತೇಲುತ್ತಿವೆ. ದೃಷ್ಟಿ ಸರಿಯಿದೆ. ಮುಂದಿನ ತಿಂಗಳು ತೋರಿಸಿದರೆ ಸಾಕೇ?
– ಓದುಗರು, ಹಾಸನ

ಉತ್ತರ: ಸಾಲದು, ಇವತ್ತೇ ಹೋಗಿ. ಕಣ್ಣೊಳಗಿನ ಲೋಳೆ, ಅಂದರೆ ವಿಟ್ರಿಯಸ್, ವಯಸ್ಸಾದಂತೆ ನೀರಾಗಿ ಕುಗ್ಗಿ, ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದಿಂದ ಬಿಟ್ಟುಕೊಳ್ಳುತ್ತದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಗಟ್ಟಿಯಾಗಿ ಅಂಟಿದ ಜಾಗದಲ್ಲಿ ರೆಟಿನಾವನ್ನು ಜಗ್ಗಿ, ಕುದುರೆ ಲಾಳದ ಆಕಾರದಲ್ಲಿ ಹರಿಯಬಹುದು. ಆ ಜಗ್ಗಾಟವೇ ಮಿಂಚಾಗಿ ಕಾಣುವುದು. ಮೈನಸ್ ಪವರ್ ಹೆಚ್ಚಿದ್ದವರ ಕಣ್ಣು ಉದ್ದ, ರೆಟಿನಾದ ಅಂಚು ತೆಳು, ಅಪಾಯ ಹೆಚ್ಚು.

ಹರಕು ಹೆಚ್ಚಾಗಿ ಮೇಲ್ಭಾಗದಲ್ಲಿ, ಕಿವಿಯ ಕಡೆಗೆ ಆಗುತ್ತದೆ. ಅದರ ಮೂಲಕ ನೀರು ನುಗ್ಗಿ ಕೆಳಗಿಳಿಯುವುದರಿಂದ ರೆಟಿನಾ ಬೇಗ ಕಳಚುತ್ತದೆ. ಕಳಚಿದ ಭಾಗ ಕಪ್ಪು ಪರದೆಯಂತೆ ಕಾಣುತ್ತದೆ. ರೆಟಿನಾದ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಆ ಪರದೆ ಕಾಣಿಸುವುದು ಮಾತ್ರ ಕೆಳಗಿನಿಂದ, ಮೂಗಿನ ಕಡೆಯಿಂದ.

ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೂ ನೋಡಿಸಿಕೊಳ್ಳಿ. ಆಮೇಲೆ ಕೆಲವು ಗಂಟೆ ಗಾಡಿ ಓಡಿಸಬೇಡಿ. ಬರೀ ಹರಕಾಗಿದ್ದರೆ ಸುತ್ತ ಎರಡು ಮೂರು ಸಾಲು ಲೇಸರ್ ಸಾಕು. ಬೆಸುಗೆ ಗಟ್ಟಿಯಾಗಲು ಸುಮಾರು ಎರಡು ವಾರ ಬೇಕು. ಕಳಚಿದ್ದರೆ ಶಸ್ತ್ರಚಿಕಿತ್ಸೆಯೇ ಆಗಬೇಕು. ಅದೂ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಕಳಚುವ ಮುನ್ನ ಆದರೆ ಓದುವ ದೃಷ್ಟಿ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ಈಗ ಹರಕು ಸಿಗದಿದ್ದರೂ 4ರಿಂದ 6 ವಾರದೊಳಗೆ ಮತ್ತೆ ತೋರಿಸಿ. ಪರದೆ ಕಂಡರೆ ಅಥವಾ ಚುಕ್ಕೆಗಳು ಮಸಿ ಚೆಲ್ಲಿದಂತೆ ಹೆಚ್ಚಿದರೆ ಅಲ್ಲಿಯವರೆಗೂ ಕಾಯಬೇಡಿ.