ಮುನ್ನಡೆ ಸಿಕ್ಕ ಮೇಲೆ ಎಷ್ಟು ಹಿಂದೆ ಸರಿಯಬೇಕು?

ಪ್ರಶ್ನೆ: 2023ರ ಸ್ಯಾಫ್ (ದಕ್ಷಿಣ ಏಷ್ಯಾ) ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಗುಂಪು ಹಂತದಲ್ಲಿ, ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ, ಭಾರತ ಕುವೈತ್ ಎದುರು 1-0 ಮುಂದಿತ್ತು. ಇಂಜುರಿ ಟೈಮ್‌ನಲ್ಲಿ (ಕೊನೆಗೆ ಸೇರಿಸುವ ನಿಮಿಷಗಳಲ್ಲಿ) ಕ್ರಾಸ್, ಅಂದರೆ ಬದಿಯಿಂದ ಗೋಲ್ ಮುಂದಕ್ಕೆ ಬಂದ ಚೆಂಡನ್ನು, ತಡೆಯಲು ಹೋಗಿ ಅನ್ವರ್ ಅಲಿ ನಮ್ಮದೇ ಗೋಲಿಗೆ ಚೆಂಡು ಹೊಡೆದರು, ಪಂದ್ಯ 1-1 ಆಯಿತು. ಮುನ್ನಡೆ ಉಳಿಸಿಕೊಳ್ಳಲು ಹಿಂದೆ ಸರಿದು ಕಾಯುವುದೇ ತಪ್ಪಲ್ಲವೇ?
– ಓದುಗರು, ಆಸ್ಟಿನ್ ಟೌನ್

ಉತ್ತರ: ಹಿಂದೆ ಸರಿಯಬಹುದು. ಎಲ್ಲಿ ನಿಲ್ಲುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಪೆನಾಲ್ಟಿ ಬಾಕ್ಸ್ ಗೋಲ್ ಗೆರೆಯಿಂದ 16.5 ಮೀಟರ್ ಮುಂದಕ್ಕಿದೆ. ಹಿಂಬದಿಯ ನಾಲ್ವರು 18-20 ಮೀಟರ್ ದೂರದಲ್ಲಿ ಸಾಲು ಹಿಡಿದು ನಿಂತರೆ ಅವರ ಬೆನ್ನ ಹಿಂದಿನ ಜಾಗ ಗೋಲ್‌ಕೀಪರ್‌ನದು. ಅಲ್ಲಿಗೆ ಬಂದ ಕ್ರಾಸನ್ನು ಆತ ಮುನ್ನುಗ್ಗಿ ಹಿಡಿಯಬಹುದು. ಎಂಬತ್ತನೇ ನಿಮಿಷದ ಹೊತ್ತಿಗೆ ಕಾಲು ಸೋತು ಅದೇ ನಾಲ್ವರು ಹತ್ತು ಮೀಟರ್‌ವರೆಗೆ ಜಾರುತ್ತಾರೆ. ಆಗ ಗೋಲ್‌ಕೀಪರ್‌ನ ದಾರಿಗೆ ತನ್ನವರೇ ಅಡ್ಡ. ತಲೆಕೊಟ್ಟು ಹೊರಹಾಕಿದ ಚೆಂಡು ಬಾಕ್ಸಿನ ಅಂಚಿನಲ್ಲಿ ಬಿದ್ದರೆ ಅದನ್ನು ಎತ್ತಿಕೊಳ್ಳಲು ನಮ್ಮವರು ಯಾರೂ ಇರುವುದಿಲ್ಲ, ಎದುರಾಳಿ ಮತ್ತೆ ಹೊಡೆಯುತ್ತಾನೆ.

ಸ್ವಂತ ಗೋಲಿಗೂ ಕಾರಣ ಬಹುಪಾಲು ಇದೇ. ಡಿಫೆಂಡರ್ ತನ್ನ ಗೋಲಿಗೆ ಮುಖಮಾಡಿ ಓಡುತ್ತಿರುವಾಗ ಕಾಲಿಗೆ ತಾಗಿದ ಚೆಂಡು ಒಳಗೇ ಹೋಗುವ ಸಂಭವ ಹೆಚ್ಚು. ಅದಕ್ಕಾಗಿ ಆಟಗಾರನೊಬ್ಬನನ್ನು ದೂರುವುದು ನ್ಯಾಯವಲ್ಲ. ಕ್ರಾಸ್ ಹೊರಡುವ ಜಾಗದಲ್ಲೇ ತಡೆಯಬೇಕಿತ್ತೇ ಎಂದು ಮೊದಲು ನೋಡಬೇಕು. ಚೆಂಡು ಬದಿಗೆ ಹೋದ ಕ್ಷಣ ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಚೆಂಡಿದ್ದವನ ಎರಡು ಮೀಟರ್ ಒಳಗೆ ತಲುಪಬೇಕು, ವಿಂಗರ್ (ಬದಿಯಲ್ಲಿ ಮುಂದೆ ಆಡುವವ) ಹಿಂದೆ ಬಂದು ಜೊತೆಗೂಡಬೇಕು. ಆ ಎರಡು ಮೀಟರ್ ಐದಾದರೆ ಎದುರಾಳಿಗೆ ತಲೆಯೆತ್ತಿ ನೋಡಿ ಹೊಡೆಯುವಷ್ಟು ಸಮಯ ಸಿಗುತ್ತದೆ.

ಇನ್ನೊಂದು ದುರಭ್ಯಾಸ ಬದಲಿ ಆಟಗಾರರ ವಿಷಯದಲ್ಲಿದೆ. ಮುನ್ನಡೆ ಕಾಯಲು ಸ್ಟ್ರೈಕರನ್ನು ತೆಗೆದು ಐದನೇ ಡಿಫೆಂಡರನ್ನು ಇಳಿಸುತ್ತಾರೆ. ಹೊರಗೆ ಒದ್ದ ಚೆಂಡನ್ನು ಮುಂದೆ ಹಿಡಿದಿಟ್ಟುಕೊಳ್ಳುವವರೇ ಇಲ್ಲದೆ ಅದು ಹತ್ತು ಸೆಕೆಂಡಿನಲ್ಲಿ ತಿರುಗಿ ಬರುತ್ತದೆ. ದಣಿದ ವಿಂಗರ್ ಬದಲಿಗೆ ಹೊಸ ಕಾಲಿನ ವಿಂಗರ್ ಬರುವುದು ಎಷ್ಟೋ ಮೇಲು. ಆತ ಕ್ರಾಸನ್ನೂ ತಡೆಯುತ್ತಾನೆ, ಚೆಂಡು ಸಿಕ್ಕರೆ ಓಡಿ ತಂಡಕ್ಕೆ ಉಸಿರಾಡಲು ಬಿಡುವನ್ನೂ ಕೊಡುತ್ತಾನೆ.

ಜುಲೈ 4ರ ಫೈನಲ್‌ನಲ್ಲಿ ಅದೇ ಕುವೈತ್ ಮೊದಲು ಗೋಲು ಹೊಡೆಯಿತು. ಭಾರತದ ಸಹಲ್ ಗೋಲ್ ಮುಂದೆ ಅಡ್ಡಕ್ಕೆ ತಳ್ಳಿದ ಚೆಂಡನ್ನು ಚಾಂಗ್ಟೆ ಒಳಸೇರಿಸಿ ಸಮ ಮಾಡಿದರು, ಪೆನಾಲ್ಟಿ ಶೂಟೌಟ್‌ನಲ್ಲಿ ಭಾರತ 5-4ರಿಂದ ಗೆದ್ದಿತು. ಡಿಫೆಂಡರ್‌ಗಳು ಗೋಲಿನತ್ತ ಓಡುತ್ತಿರುವಾಗ ಅಡ್ಡಕ್ಕೆ ಬರುವ ಚೆಂಡು ಎಷ್ಟು ಅಪಾಯ ಎಂಬುದನ್ನು ಈ ಬಾರಿ ಕುವೈತ್ ಅನುಭವಿಸಿತು.

ಪ್ರಶ್ನೆ: 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ತನ್ನ ಡಿಫೆನ್ಸ್ ಸಾಲನ್ನು ಅಷ್ಟು ಮೇಲಕ್ಕೆ, ಮಧ್ಯಗೆರೆಯತ್ತ, ತಂದು ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು. ಅದು ಧೈರ್ಯವೋ, ಅದೃಷ್ಟವೋ?
– ಓದುಗರು, ಮಲ್ಲೇಶ್ವರ

ಉತ್ತರ: ಧೈರ್ಯ ಮತ್ತು ಲೆಕ್ಕಾಚಾರ ಎನ್ನುತ್ತೇವೆ. ಅದೃಷ್ಟದ ಪಾಲೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಮೆಸ್ಸಿ ಹತ್ತನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದರು. ಆಮೇಲೆ ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ (ಪಾಸ್ ಹೊರಟಾಗ ಡಿಫೆಂಡರ್‌ಗಳ ಸಾಲನ್ನು ದಾಟಿ ನಿಂತಿರುವುದು) ಎಂದು ರದ್ದಾದವು. ಅವುಗಳಲ್ಲಿ ಒಂದೆರಡು ಉಳಿದಿದ್ದರೂ ನಾವು ಈ ಪ್ರಶ್ನೆಯನ್ನೇ ಚರ್ಚಿಸುತ್ತಿರಲಿಲ್ಲ.

ಮೇಲಿನ ಸಾಲು ಕೆಲಸ ಮಾಡಬೇಕಾದರೆ ಚೆಂಡು ಇರುವವನ ಮೇಲೆ ಒತ್ತಡ ಇರಲೇಬೇಕು. ಆತನ ಮುಂದೆ ಯಾರೂ ಇಲ್ಲದೆ ತಲೆಯೆತ್ತಿ ನೋಡಲು ಬಿಡುವು ಸಿಕ್ಕರೆ ಸಾಲು ತಕ್ಷಣ ಹಿಂದಕ್ಕೆ ಓಡಬೇಕು. ಆತ ಬೆನ್ನು ತಿರುಗಿಸಿದರೆ ಅಥವಾ ಚೆಂಡನ್ನು ಹಿಂದಕ್ಕೆ ಆಡಿದರೆ ಸಾಲು ಒಟ್ಟಿಗೆ ನಾಲ್ಕೈದು ಮೀಟರ್ ಮೇಲೇರಬೇಕು. ನಾಲ್ವರಲ್ಲಿ ಒಬ್ಬ ಅರ್ಧ ಹೆಜ್ಜೆ ಹಿಂದುಳಿದರೆ ಸಾಕು, ಎದುರಾಳಿ ಸ್ಟ್ರೈಕರ್‌ಗಳೆಲ್ಲ ಆಫ್‌ಸೈಡ್‌ನಿಂದ ಪಾರು. ಆಗ ಮಿಕ್ಕ ಮೂವರು ಸರಿಯಾಗಿ ನಿಂತಿದ್ದೂ ವ್ಯರ್ಥ. ಗೋಲ್‌ಕೀಪರ್ ಬಾಕ್ಸಿನ ಹೊರಗೆ ಬಂದು ಕಾಲಿನಿಂದ ಆಡಬಲ್ಲವನಾಗಿರಬೇಕು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಎದುರು ಜರ್ಮನಿಯ ಗೋಲ್‌ಕೀಪರ್ ನೊಯರ್ ಮತ್ತೆ ಮತ್ತೆ ಮಾಡಿದ್ದು ಅದನ್ನೇ.

ವಿರಾಮದ ನಂತರ 48 ಮತ್ತು 53ನೇ ನಿಮಿಷಗಳಲ್ಲಿ ಸೌದಿ ಎರಡು ಗೋಲು ಹೊಡೆಯಿತು. ಉಳಿದ ಹೊತ್ತಿನಲ್ಲಿ ಅದೂ ಹಿಂದಕ್ಕೆ ಇಳಿದೇ ಕಾದಿತು, ಗೋಲ್‌ಕೀಪರ್ ಅಲ್ ಒವೈಸ್ ತಂಡವನ್ನು ಉಳಿಸಿದರು. ಮುಂದಿನ ಎರಡೂ ಪಂದ್ಯಗಳನ್ನು, ಪೋಲೆಂಡ್ ಮತ್ತು ಮೆಕ್ಸಿಕೊ ಎದುರು, ಸೌದಿ ಸೋತಿತು.

ಪ್ರಶ್ನೆ: 2010ರ ವಿಶ್ವಕಪ್ ಗೆದ್ದ ಸ್ಪೇನ್ ತಂಡವನ್ನು ಎಲ್ಲರೂ ಆಕ್ರಮಣಕಾರಿ ಅನ್ನುತ್ತಾರೆ. ಗೋಲು ಮಾತ್ರ ಕಡಿಮೆ. ಏಕೆ?
– ಓದುಗರು, ಬಸವನಗುಡಿ

ಉತ್ತರ: ಚೆಂಡು ತಮ್ಮಲ್ಲೇ ಇರಿಸಿಕೊಳ್ಳುವುದೇ ಅವರ ರಕ್ಷಣೆಯಾಗಿತ್ತು. ಏಳು ಪಂದ್ಯಗಳಲ್ಲಿ ಹೊಡೆದದ್ದು 8 ಗೋಲು, ಬಿಟ್ಟುಕೊಟ್ಟದ್ದು 2. ನಾಕೌಟ್‌ನ ನಾಲ್ಕೂ ಪಂದ್ಯ 1-0. ನಮ್ಮ ಲೆಕ್ಕದಲ್ಲಿ ಅದು ವಿಶ್ವಕಪ್‌ನ ಅತ್ಯುತ್ತಮ ರಕ್ಷಣಾತ್ಮಕ ತಂಡಗಳಲ್ಲಿ ಒಂದು.

ಪ್ರಶ್ನೆ: ನಮ್ಮ ಕಾಲೇಜು ತಂಡ ಬಲಿಷ್ಠ ತಂಡದ ಎದುರು ಆಡಬೇಕಿದೆ. 2022ರ ವಿಶ್ವಕಪ್‌ನ ಮೊರಾಕೊ ಹಾಗೆ ಕಾದು ಆಡಬೇಕೆಂದಿದ್ದೇವೆ. ಅಭ್ಯಾಸ ಹೇಗೆ?
– ಓದುಗರು, ಯಲಹಂಕ

ಉತ್ತರ: ಆ ಮೊರಾಕೊ ಸೆಮಿಫೈನಲ್‌ವರೆಗೆ ಬಿಟ್ಟುಕೊಟ್ಟದ್ದು ಒಂದೇ ಗೋಲು, ಅದೂ ಕೆನಡಾ ಎದುರು ಸ್ವಂತ ಗೋಲು. ನಾಲ್ವರ ಸಾಲಿನ ಮುಂದೆ ಮಿಡ್‌ಫೀಲ್ಡರ್ ಅಮ್ರಾಬತ್ ಒಬ್ಬರೇ ನಡುವಿನ ಜಾಗ ಕಾಯುತ್ತಿದ್ದರು, ಅವರ ಮುಂದೆ ಮತ್ತೆ ನಾಲ್ವರು.

ಅರ್ಧ ಮೈದಾನದಲ್ಲಿ ಎಂಟು ಡಿಫೆಂಡರ್, ಎಂಟು ಆಕ್ರಮಣಕಾರರನ್ನು ಇಟ್ಟುಕೊಳ್ಳಿ. ಹಿಂದಿನ ಸಾಲಿಗೂ ಮುಂದಿನ ಸಾಲಿಗೂ 10-12 ಮೀಟರ್ ಅಂತರ, ಅದಕ್ಕೆ ಗುರುತಾಗಿ ಬದಿಗೆರೆಯ ಹೊರಗೆ ಕೋನ್ ಇಡಿ. ನಾಲ್ಕು ನಿಮಿಷ ಆಟ, ಎರಡು ನಿಮಿಷ ವಿಶ್ರಾಂತಿ, ಐದು ಸುತ್ತು. ಮಧ್ಯಗೆರೆಯ ಎರಡೂ ತುದಿಗೆ ಮೂರು ಮೀಟರ್ ಅಗಲದ ಬಾಗಿಲು ಮಾಡಿ. ಚೆಂಡು ಕಿತ್ತುಕೊಂಡ ಆರು ಸೆಕೆಂಡಿನೊಳಗೆ ಅದನ್ನು ಆ ಬಾಗಿಲ ಮೂಲಕ ದಾಟಿಸಿದರೆ ಡಿಫೆಂಡರ್‌ಗಳಿಗೆ ಒಂದು ಅಂಕ. ಬರೀ ಹೊರಗೆ ಒದ್ದರೆ ಅಂಕವಿಲ್ಲ, ಚೆಂಡು ಆಕ್ರಮಣಕಾರರಿಗೆ ವಾಪಸ್.

ಬಹುತೇಕ ತಂಡಗಳು ಎಡವುವುದು ಮೊದಲ ಪಾಸ್‌ನಲ್ಲಿ. ಚೆಂಡು ಕಿತ್ತವನ ಸುತ್ತ ಎದುರಾಳಿಗಳೇ ಇರುತ್ತಾರೆ, ಹಾಗಾಗಿ ಪಕ್ಕದ ಸುರಕ್ಷಿತ ಪಾಸ್ ಒಂದನ್ನು ಅನುಮತಿಸಿ, ಎರಡನೆಯದು ಮುಂದಕ್ಕೇ ಹೋಗಲಿ.

ಮೊದಲೇ ಗೋಲು ಬಿಟ್ಟುಕೊಟ್ಟರೆ ಏನು ಮಾಡಬೇಕೆಂದೂ ಪಂದ್ಯಕ್ಕೆ ಮುಂಚೆಯೇ ನಿರ್ಧರಿಸಿಕೊಳ್ಳಿ. ಫ್ರಾನ್ಸ್ ಎದುರಿನ ಸೆಮಿಫೈನಲ್‌ಗೆ ಮೊರಾಕೊ ಐವರ ಸಾಲಿನೊಂದಿಗೆ ಇಳಿಯಿತು, ಐದನೇ ನಿಮಿಷದಲ್ಲೇ ಗೋಲು ಬಿತ್ತು. ನಾಯಕ ಸಾಯಿಸ್ ಗಾಯಗೊಂಡು ಹೊರಟ ಮೇಲೆ ನಾಲ್ವರ ಸಾಲಿಗೆ ಮರಳಿ ಚೆನ್ನಾಗಿಯೇ ಆಡಿತಾದರೂ 0-2ರಿಂದ ಸೋತಿತು. ನಿಮ್ಮ ತಂಡ 0-1 ಹಿಂದಿರುವಂತೆ ಊಹಿಸಿಕೊಂಡು ಕೊನೆಯ ಸುತ್ತನ್ನು ಆಡಿಸಿ: ಸಾಲು ಎಷ್ಟು ಮೀಟರ್ ಮೇಲೇರಬೇಕು, ಯಾವ ಮಿಡ್‌ಫೀಲ್ಡರ್ ಮುಂದೆ ಹೋಗಬೇಕು ಎಂಬುದು ಹನ್ನೊಂದು ಜನಕ್ಕೂ ಗೊತ್ತಿರಲಿ.