ಸಂತಸಕ್ಕೆ ಹಾಜರಿ ಪುಸ್ತಕ ಬೇಡ

ಓದುಗ ಮಿತ್ರರೇ,

ದಿನಕ್ಕೊಂದು ಖುಷಿಯ ಕ್ಷಣ ಬರೆದಿಡಲು ನೋಟ್‌ಬುಕ್ ಶುರು ಮಾಡಿದಿರಿ. ಮೊದಮೊದಲು ಚೆನ್ನಾಗಿತ್ತು, ಈಗ ರಾತ್ರಿ ಪೆನ್ನು ಹಿಡಿದು ಕೂತರೆ ಏನೂ ಹೊಳೆಯುವುದಿಲ್ಲ. 'ನನ್ನ ಬದುಕೇ ಸಪ್ಪೆಯೇ?' ಎಂದು ಪತ್ರ ಬರೆದು ಕೇಳಿದ್ದೀರಿ.

ಬದುಕಿನದಲ್ಲ ತಪ್ಪು, ನೀವು ಹಾಕಿಕೊಂಡ ನಿಯಮದ್ದು. 1990ರ ದಶಕದಲ್ಲಿ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಗಮನಿಸುತ್ತಿದ್ದರು. ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾದವು. ಸೂಚನೆ ಕೊಟ್ಟೊಡನೆ ರಸ ಬರುತ್ತದೆಂದು ಕೋತಿ ಕಲಿತ ಮೇಲೆ ಆ ಚುರುಕು ಸೂಚನೆಗೇ ಹೋಯಿತು, ರಸಕ್ಕೆ ಉಳಿಯಲಿಲ್ಲ. ಸೂಚನೆಯ ನಂತರವೂ ರಸ ಬಾರದಿದ್ದರೆ ಇದ್ದ ಚಟುವಟಿಕೆಯೂ ಇಳಿಯಿತು. ಡೋಪಮೈನ್ ಎಂದರೆ ಸಂತಸವೇ ಎನ್ನುವವರನ್ನು ನಂಬಬೇಡಿ. ಇಲ್ಲಿ ಕಂಡದ್ದು ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರದ ಲೆಕ್ಕ. ಆದರೂ ನಿಮ್ಮ ಪೆನ್ನು ಆ ಸೂಚನೆಯ ಕೆಲಸ ಮಾಡುತ್ತಿದೆಯೆಂದು ನನ್ನ ಗುಮಾನಿ: ಹಿಡಿದೊಡನೆ ಖುಷಿ ಬರಬೇಕೆಂದು ಕಾಯುತ್ತೀರಿ, ಬಾರದಿದ್ದರೆ ದಿನವೇ ಸಪ್ಪೆ.

ಅದೇ ಪತ್ರದ ಕೊನೆಗೆ ಇನ್ನೊಂದು ಸಂಗತಿ ಬರೆದಿದ್ದೀರಿ. ಗ್ರಂಥಾಲಯದ ಪುಸ್ತಕದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ 'ಸುಳ್ಳು' ಎಂದು ಗೀಚಿದ್ದರಂತೆ, ಕೆಳಗೆ ಇನ್ನೊಬ್ಬರು 'ಆತುರ ಬೇಡ, ಮುಂದಿನ ಪುಟ ಓದಿ' ಎಂದು. 'ಖುಷಿ ಎನ್ನುವಷ್ಟು ದೊಡ್ಡದಲ್ಲ' ಎಂದು ಅದನ್ನು ನೋಟ್‌ಬುಕ್ಕಿಗೆ ಸೇರಿಸಲಿಲ್ಲವಂತೆ! ನಾನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ದೊಡ್ಡದಕ್ಕೇ ಕಾದರೂ ಕಷ್ಟ. 1978ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಲಾಟರಿಯಲ್ಲಿ ಭಾರಿ ಹಣ ಗೆದ್ದ 22 ಮಂದಿಯನ್ನು ಮಾತಾಡಿಸಿತ್ತು. ಸ್ನೇಹಿತರ ಹರಟೆ, ತಮಾಷೆಯ ಮಾತಿನಂಥ ಸಣ್ಣಪುಟ್ಟ ಸಂಗತಿಗಳಲ್ಲಿ ಅವರಿಗೆ ಉಳಿದವರಿಗಿಂತ ಕಡಿಮೆ ಖುಷಿ. 22 ಸಣ್ಣ ಸಂಖ್ಯೆ, ನಿಜ. ಆದರೆ ಆ ಸಣ್ಣಪುಟ್ಟ ಸಂಗತಿಗಳ ಪಟ್ಟಿಯಲ್ಲಿ 'ಪತ್ರಿಕೆ ಓದುವುದು' ಕೂಡ ಇತ್ತು. ಹಾಗಾಗಿ ನಮ್ಮ ಓದುಗರಿಗೆ ಲಾಟರಿ ಹೊಡೆಯದಿರಲಿ ಎಂಬುದು ಸಂಪಾದಕನ ಸ್ವಾರ್ಥ.

ನೋಟ್‌ಬುಕ್ ಎಸೆಯಬೇಡಿ. ಖುಷಿಯಾದದ್ದನ್ನೇ ಬರೆಯುವ ಹಟ ಬಿಟ್ಟು ನಡೆದದ್ದನ್ನು ಬರೆಯಿರಿ, ಮನಸ್ಸು ಬಂದ ದಿನ. ಸಂಶೋಧಕಿ ಟಿಂಗ್ ಜಾಂಗ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನ ತಮ್ಮ ಇತ್ತೀಚಿನ ಮಾತುಕತೆ, ಕೇಳುತ್ತಿದ್ದ ಹಾಡುಗಳಂಥ ವಿವರ ಬರೆದಿಟ್ಟು ತಿಂಗಳುಗಳ ನಂತರ ಓದಿದರು. ತಾವು ಊಹಿಸಿದ್ದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿತು. ವಿಶೇಷ ದಿನಗಳಿಗಿಂತ ಮಾಮೂಲಿ ದಿನಗಳ ವಿಷಯದಲ್ಲೇ ಅವರ ಊಹೆ ಹೆಚ್ಚು ತಪ್ಪಿತ್ತು. ಅಂಚಿನ ಜಗಳವನ್ನು ಇವತ್ತೇ ಬರೆದಿಡಿ.

ಇನ್ನು, ಇಂಥ ಕ್ಷಣಗಳಿಗಾಗಿ ತಿಂಗಳ ಅಂಕಣ ತೆರೆಯಬೇಕೆಂಬ ನಿಮ್ಮ ಸಲಹೆ. ಒಪ್ಪಲಾರೆ. ಅಂಕಣವಾದರೆ ಅದನ್ನು ತುಂಬಿಸಲೆಂದೇ ಜನ ಬರೆಯತೊಡಗುತ್ತಾರೆ. ಆದರೆ ಕಳಿಸಿ. ಲೇಖನ ಮುಗಿದು ಪುಟದ ಕೆಳಗೆ ಜಾಗ ಉಳಿದಲ್ಲಿ ಹಾಕುತ್ತೇವೆ. ಯಾವ ಸಂಚಿಕೆ, ಯಾವ ಪುಟ ಎಂದು ಮಾತ್ರ ಮೊದಲೇ ತಿಳಿಸುವುದಿಲ್ಲ.

-ಸಂ.